ಹಕ್ಕಿಗೆ ಗ್ಲೂಕೋಸ್ ಅಂತ ನಕ್ಕಿದ್ರು: ತೊಟ್ಟಿಕ್ಕೋ ನೀರಿನ ನನ್ನ ಅನುಭವ

ತಿಪಟೂರಲ್ಲಿ ನಂದು ಮೆಡಿಕಲ್ ಸ್ಟೋರು, ಊರಾಚೆ ಮುಕ್ಕಾಲು ಎಕರೆ ತೆಂಗು, ಅದರೊಳಗೇ ಮನೆ. ಹಕ್ಕಿ ನೋಡೋ ಹುಚ್ಚು ಹತ್ತಿ ಹತ್ತು ಹನ್ನೆರಡು ವರ್ಷ ಆಯ್ತು. ಬೈನಾಕ್ಯುಲರ್ ಹಿಡಿಯೋದು, ಲಿಸ್ಟ್ ಹಾಕೋದು ಎಲ್ಲ ನಿಮಗೆ ಗೊತ್ತಿರೋದೇ, ಅದರ ಬಗ್ಗೆ ಬರೆಯಲ್ಲ. ಹಕ್ಕಿಗೆ ತೊಟ್ಟು ತೊಟ್ಟಾಗಿ ಬೀಳೋ ನೀರಿಡೋ ವಿಷಯ ಮಾತ್ರ ಬರೀತೀನಿ, ಯಾಕಂದ್ರೆ ಇದು ಆಗಲ್ಲ ಅಂತ ಹೇಳಿದವರು ಬಹಳ ಜನ, ಆಯ್ತು ಅಂತ ತೋರಿಸೋಕೆ ನಂಗೆ ಮೂರು ಬೇಸಿಗೆ ಬೇಕಾಯ್ತು.

ಮಾರ್ಚ್ ಬಂತು ಅಂದ್ರೆ ಹಕ್ಕಿಗೆ ನೀರಿಡಿ ಅಂತ ವಾಟ್ಸಪ್ ತುಂಬಾ ಬರುತ್ತೆ. ತಾರಸಿ ಮೇಲೆ ಬಟ್ಟಲು ಇಡ್ತೀವಿ, ಬರೋದು ಕಾಗೆ, ಪಾರಿವಾಳ, ಅಳಿಲು ಅಷ್ಟೆ. ನಾನೂ ನಾಲ್ಕು ವರ್ಷ ಅದನ್ನೇ ಮಾಡ್ದೆ. ಆಮೇಲೆ ಆನ್‌ಲೈನಲ್ಲಿ ಪಿಂಗಾಣಿ ಬರ್ಡ್ ಬಾತ್ ಒಂದು ತರಿಸ್ದೆ, ಎರಡು ಸಾವಿರದ ಚಿಲ್ಲರೆ. ನೋಡೋಕೆ ಚೆಂದ, ಒಳಗೆ ಮಾತ್ರ ಗಾಜಿನ ಥರ ನುಣುಪು. ಒಂದು ಪಿಕಳಾರ (ಬುಲ್‌ಬುಲ್) ಅಂಚಲ್ಲಿ ಕೂತು ಒಂದು ಹೆಜ್ಜೆ ಒಳಗಿಟ್ಟಿದ್ದೇ ಜಾರಿ ಎದೆ ಮಟ್ಟ ಮುಳುಗಿ ಗಾಬರಿಯಿಂದ ಎದ್ದು ಹೋಯ್ತು, ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ. ನೀರಲ್ಲಿ ತೇಲೋ ಸೋಲಾರ್ ಕಾರಂಜಿ ಏಳುನೂರಕ್ಕೆ ತಗೊಂಡೆ, ಬಿಸಿಲಿದ್ದಾಗ ಚಿಮ್ಮೋದು, ಮೋಡ ಬಂದ್ರೆ ನಿಲ್ಲೋದು, ನಮ್ಮ ಬೋರ್‌ವೆಲ್ ನೀರಿನ ಸುಣ್ಣಕ್ಕೆ ಎರಡೇ ತಿಂಗಳಲ್ಲಿ ಕಟ್ಟಿಕೊಂಡು ಹೋಯ್ತು. ಗುಬ್ಬಿ ಗೂಡು ನಾಲ್ಕು, ಒಂದೊಂದು ಮುನ್ನೂರೈವತ್ತೋ ಏನೋ. ಅದರ ತೂತು ಎರಡಿಂಚು ಇತ್ತು, ಗುಬ್ಬಿಗೆ ಒಂದೂಕಾಲು ಇಂಚು ಸಾಕು, ಅದಕ್ಕಿಂತ ದೊಡ್ಡದಾದ್ರೆ ಗೊರವಂಕ ಬಂದು ಕೂರುತ್ತೆ, ಕೂತವು ಕೂಡ. ಜೋಳ ಸಜ್ಜೆ ಚೆಲ್ಲಿದ್ದಕ್ಕೆ ಇಲಿ ಬಂತು, ಇಲಿ ಹಿಂದೆ ಕೇರೆ ಹಾವು ಬಂತು, ಮನೇಲಿ ದೊಡ್ಡ ರಾಮಾಯಣ. ಎಲ್ಲ ಸೇರಿ ಆರೇಳು ಸಾವಿರ ಮಣ್ಣು ಪಾಲು.

ತಿರುವು ಸಿಕ್ಕಿದ್ದು ನಲ್ಲಿಯಿಂದ. ಹಟ್ಟಿ ಹಿಂದಿನ ನಲ್ಲಿ ವಾಷರ್ ಹೋಗಿ ತೊಟ್ ತೊಟ್ ಅಂತ ಬೀಳ್ತಿತ್ತು, ಕೆಳಗೆ ಅಂಗೈ ಅಗಲದ ಹೊಂಡ. ಒಂದಿನ ಮಧ್ಯಾಹ್ನ ನೋಡ್ತೀನಿ, ಅಲ್ಲಿ ಬೆಳ್ಗಣ್ಣ (ಕಣ್ಣ ಸುತ್ತ ಬಿಳಿ ಉಂಗುರ ಇರೋ ಪುಟ್ಟ ಹಕ್ಕಿ) ಏಳೆಂಟು, ಒಂದು ನೀಲಿ ನೊಣಹಿಡುಕ, ಟುವ್ವಿ ಹಕ್ಕಿ ಜೋಡಿ. ಹತ್ತೇ ಮಾರು ಆಚೆ ನನ್ನ ಎರಡು ಸಾವಿರದ ಪಿಂಗಾಣಿ ತುಂಬಿಕೊಂಡು ನಿಂತಿದೆ, ಅದರ ಹತ್ರ ಒಂದು ನೊಣ ಇಲ್ಲ. ಆಗ ಗೊತ್ತಾಯ್ತು, ನಿಂತ ನೀರು ಇವಕ್ಕೆ ಕಾಣಲ್ಲ, ಬೀಳೋ ನೀರು ಕೇಳಿಸುತ್ತೆ.

ಮೆಡಿಕಲ್ ಸ್ಟೋರ್ ಇಟ್ಟವನಿಗೆ ತೊಟ್ಟು ಅಂದ್ರೆ ಮೊದಲು ನೆನಪಾಗೋದು ರೋಗಿಗೆ ಗ್ಲೂಕೋಸ್ ಏರಿಸೋ ಡ್ರಿಪ್ ಸೆಟ್ಟೇ. ಹೊಸಾ ಸೆಟ್ ಒಂದು ತಗೊಂಡೆ (ಹೊಸಾದೇ ಬೇಕು, ಆಸ್ಪತ್ರೇಲಿ ಬಳಸಿ ಬಿಸಾಕಿದ್ದನ್ನ ದಯವಿಟ್ಟು ಮುಟ್ಟಬೇಡಿ), 20 ಲೀಟರ್ ನೀರಿನ ಹಳೇ ಕ್ಯಾನು ತಗೊಂಡೆ, ಮೊಳೆ ಕಾಯಿಸಿ ತಳದ ಹತ್ರ ತೂತು ಮಾಡಿ ಸೆಟ್ಟಿನ ಮೊನೆ ಚುಚ್ಚಿ ಎಂ-ಸೀಲ್ ಮೆತ್ತಿದೆ. ತೆಂಗಿನ ಮರಕ್ಕೆ ಏಳಡಿ ಎತ್ತರದಲ್ಲಿ ಕಟ್ಟಿದೆ. ಮೊದಲನೇ ದಿನ ಅರ್ಧ ಗಂಟೆ ಬಿದ್ದು ನಿಂತೋಯ್ತು. ಕ್ಯಾನಿನ ಮುಚ್ಚಳ ಬಿಗಿಯಾಗಿತ್ತು, ಗಾಳಿ ಒಳಗೆ ಹೋಗೋಕೆ ದಾರಿ ಇರ್ಲಿಲ್ಲ, ಮೇಲೆ ಸೂಜಿ ತೂತು ಹಾಕಿದ ಮೇಲೆ ಸರಿಹೋಯ್ತು. ಎರಡನೇ ವಾರ ಮತ್ತೆ ನಿಂತಿತು, ಈ ಸಲ ಪಾಚಿ. ಬಿಳಿ ಕ್ಯಾನಿಗೆ ಬಿಸಿಲು ಬಿದ್ರೆ ಪಾಚಿ ಕಟ್ಟೇ ಕಟ್ಟುತ್ತೆ, ಹೊರಗಡೆ ಕಪ್ಪು ಪೇಂಟ್ ಬಳಿದೆ, ನೀರನ್ನ ಹಳೇ ಪಂಚೆ ನಾಲ್ಕು ಮಡಿಕೆ ಮಾಡಿ ಸೋಸಿ ತುಂಬೋಕೆ ಶುರು ಮಾಡ್ದೆ.

ಇದೆಲ್ಲ ನಡೀತಿದ್ದದ್ದು 2024ರ ಬೇಸಿಗೇಲಿ. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದಲ್ಲಿ 223 ತಾಲೂಕು ಬರ ಅಂತ ಘೋಷಣೆ ಆಗಿತ್ತಲ್ಲ, ಅದರ ಬಿಸಿ ನಮ್ಮ ಬೋರ್‌ವೆಲ್‌ಗೂ ತಟ್ಟಿತ್ತು, ತೆಂಗಿನ ಸುಳಿಗಳು ಒಣಗ್ತಿದ್ವು. ಪಕ್ಕದ ತೋಟದ ಯಜಮಾನ್ರು ಬೇಲಿ ಹತ್ರ ನಿಂತು, "ಏನಪ್ಪಾ, ಹಕ್ಕಿಗೆ ಗ್ಲೂಕೋಸ್ ಏರಿಸ್ತಿದೀಯಂತೆ? ಮರಕ್ಕೆ ಬಿಡೋಕೇ ನೀರಿಲ್ಲ" ಅಂದ್ರು. ಅಂಗಡಿಗೆ ಬಂದವರೂ ಅದೇ ಕೇಳೋರು. ನಮ್ಮಮ್ಮ ಮಾತ್ರ, "ನೀರು ಕೊಟ್ರೆ ಪುಣ್ಯ ಕಣೋ, ಆದ್ರೆ ಲೆಕ್ಕ ಇಟ್ಕೋ" ಅಂದ್ರು. ಲೆಕ್ಕ ಇಟ್ಟೆ. ಈ ಸೆಟ್ಟಲ್ಲಿ ಇಪ್ಪತ್ತು ಹನಿಗೆ ಒಂದು ಎಂಎಲ್ಲು. ಸೆಕೆಂಡಿಗೆ ಒಂದು ಹನಿ ಬಿಟ್ರೆ ನಿಮಿಷಕ್ಕೆ ಮೂರು ಎಂಎಲ್, ಗಂಟೆಗೆ 180, ಬೆಳಗಿಂದ ಸಂಜೆ ತನಕ ಹನ್ನೆರಡು ಗಂಟೆಗೆ ಎರಡು ಲೀಟರ್ ಮೇಲೆ ಸ್ವಲ್ಪ. ಒಂದು ಕ್ಯಾನು ಎಂಟೊಂಬತ್ತು ದಿನ ಬರುತ್ತೆ. ಯಜಮಾನ್ರಿಗೆ ಇದನ್ನ ಹೇಳಿ, ನಿಮ್ಮ ಮನೇಲಿ ಒಂದು ಸಲ ಕೈಕಾಲು ತೊಳೆಯೋಕೆ ಎಷ್ಟು ಬೇಕು ಅಂತ ಕೇಳ್ದೆ, ಸುಮ್ಮನಾದ್ರು.

ಈಗ ತಟ್ಟೆ ವಿಷಯ, ಇಲ್ಲೇ ಬಹಳ ಜನ ಎಡವೋದು. ಹಕ್ಕಿಗೆ ಬೇಕಾಗಿರೋದು ಆಳ ಅಲ್ಲ, ಇಳಿಜಾರು ಮತ್ತೆ ಕಾಲಿಗೆ ಹಿಡಿತ. ಬಚ್ಚಲು ನೀರು ಹೋಗೋ ಕಡೆ ಕೆಸು ಬೆಳೆದಿತ್ತು, ಅದರ ಅಗಲವಾದ ಎಲೆ ಒಂದು ಕೊಯ್ದು, ಒದ್ದೆ ಮರಳಿನ ದಿಬ್ಬ ಮಾಡಿ ಅದರ ಮೇಲೆ ಎಲೆ ಬೆನ್ನು ಮೇಲಾಗಿ ಹಾಸಿ, ಸಿಮೆಂಟು ಮರಳು ಕಲಸಿ ಒಂದಿಂಚು ದಪ್ಪ ಮೆತ್ತಿದೆ. ಎರಡು ದಿನ ಬಿಟ್ಟು ಮಗುಚಿ ಎಲೆ ಸುಲಿದರೆ ಆ ನರಗಳೆಲ್ಲ ಹಾಗ್ಹಾಗೇ ಸಿಮೆಂಟಲ್ಲಿ ಕೂತಿರುತ್ತೆ. ಆ ಗೀರುಗಳ ಮೇಲೆ ಹಕ್ಕಿ ಉಗುರು ಕಚ್ಚಿ ನಿಲ್ಲುತ್ತೆ, ಜಾರಲ್ಲ. ಅಂಚಲ್ಲಿ ಅರ್ಧ ಇಂಚು, ನಡುವೆ ಒಂದೂವರೆ ಇಂಚು ನೀರು, ಸಾಕೋ ಸಾಕು. ಮೊದಲು ಮಾಡಿದ ಎರಡು ಬಿರುಕು ಬಿಟ್ವು, ನೆರಳಲ್ಲಿಟ್ಟು ಒದ್ದೆ ಗೋಣಿ ಮುಚ್ಚಿದ ಮೂರನೇದು ನಿಂತಿತು. ಹೊಸಾ ಸಿಮೆಂಟಲ್ಲಿ ಸುಣ್ಣದ ಖಾರ ಇರುತ್ತೆ, ಹದಿನೈದು ದಿನ ನೀರು ಹಾಕಿ ಚೆಲ್ಲಿ ಮಾಡಿ, ಅಷ್ಟರ ತನಕ ಹಕ್ಕಿಗೆ ಬಿಡಬೇಡಿ. ತಟ್ಟೆ ಒಳಗೆ ಕಾಡಿನ ಬಂಡೆ ಥರ ತೆಳುವಾಗಿ ಹಸಿರು ಹತ್ತಿದ ಮೇಲೆ ಬರೋ ಹಕ್ಕಿ ಜಾಸ್ತಿ ಆಯ್ತು, ಅದನ್ನ ಬೇಗ ಹತ್ತಿಸೋಕೆ ನಂದೊಂದು ಉಪಾಯ ಇದೆ, ಅದು ನನ್ನ ಹತ್ರಾನೇ ಇರ್ಲಿ.

ಕೊಳವೆ ತುದಿ ನೀರಿಂದ ಒಂದೂವರೆ ಅಡಿ ಮೇಲಿರಲಿ. ಇನ್ನೂ ಎತ್ತರ ಆದ್ರೆ ಹನಿ ಗಾಳಿಗೆ ಹಾರಿಹೋಗುತ್ತೆ, ತೀರಾ ಕೆಳಗೆ ಬಂದ್ರೆ ಸದ್ದೇ ಬರಲ್ಲ. ತಟ್ಟೆ ಮೇಲೆ ಅಡ್ಡಕ್ಕೆ ಒಂದು ಒಣಗಿದ ಸಪೋಟ ಕೊಂಬೆ ಕಟ್ಟಿ, ಹಕ್ಕಿ ನೇರ ನೀರಿಗೆ ಬರಲ್ಲ, ಕೂತು ಸುತ್ತ ನೋಡಿ ಆಮೇಲೆ ಇಳಿಯುತ್ತೆ. ಪೊದೆಯಿಂದ ಆರೇಳು ಅಡಿ ದೂರ ಇರಬೇಕು. ನಾನು ಮೊದಲು ದಾಸವಾಳದ ಬುಡದಲ್ಲೇ ಇಟ್ಟು ಒಂದು ಪಿಕಳಾರ ಕಳಕೊಂಡೆ. ಬೆಕ್ಕು ಪೊದೆಯೊಳಗೇ ಹೊಂಚು ಹಾಕ್ತಿತ್ತು, ಬೆಳಿಗ್ಗೆ ಎದ್ದು ನೋಡಿದ್ರೆ ಗರಿ ಮಾತ್ರ. ಆ ತಪ್ಪು ನಂದೇ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಈಗ ಸುತ್ತ ಬಳ್ಳಾರಿ ಜಾಲಿ ಮುಳ್ಳು ಹರಡಿದೀನಿ.

ಏಪ್ರಿಲ್ ಮೊದಲ ವಾರದಿಂದ ಬರೋಕೆ ಶುರು ಆಯ್ತು ನೋಡಿ. ಬೆಳ್ಗಣ್ಣಗಳು ಒಟ್ಟಿಗೆ ಬರ್ತವೆ, ಕೊಂಬೆ ಮೇಲೆ ಸಾಲಾಗಿ ಒತ್ತಿಕೊಂಡು ಕೂತು ಒಂದೊಂದೇ ಇಳಿದು ಮುಳುಗಿ ಏಳ್ತವೆ, ಮಿಂದದ್ದು ಮತ್ತೆ ಬಂದು ಒಣಗಿ ಕೂತವುಗಳ ನಡುವೆ ತೂರಿಕೊಂಡು ಎಲ್ಲವನ್ನೂ ಒದ್ದೆ ಮಾಡುತ್ತೆ. ಕಾಜಾಣ ತಟ್ಟೇಲಿ ಕೂರೋದೇ ಇಲ್ಲ, ಮೇಲಿಂದ ಬಂದು ಎದೆ ಸವರಿಕೊಂಡು ಹೋಗುತ್ತೆ. ಹರಟೆಮಲ್ಲಗಳು ಬಂದ್ರೆ ಐದೇ ನಿಮಿಷಕ್ಕೆ ತಟ್ಟೆ ಖಾಲಿ. ಹೆಚ್ಚು ಬರೋದು ಹನ್ನೊಂದರ ಆಸುಪಾಸು, ಆಮೇಲೆ ಸಂಜೆ ನಾಲ್ಕರಿಂದ ಐದೂಮುಕ್ಕಾಲು. ರಾಜಹಕ್ಕಿ, ಬಾಲದಂಡೆ ಅಂತಾರಲ್ಲ, ಬಿಳೀ ಬಾಲದ ಗಂಡು, ಅದು ಬರ್ತಿದ್ದದ್ದು ಯಾವಾಗ್ಲೂ ಕೊನೇಗೆ, ಬೆಳಕು ಇನ್ನೇನು ಹೋಗಬೇಕು ಅನ್ನೋ ಹೊತ್ತಿಗೆ. ಕೊಂಬೆಯಿಂದ ನೀರಿಗೆ ಬಿದ್ದು ತಕ್ಷಣ ಮೇಲೆ, ಮತ್ತೆ ಬಿದ್ದು ಮೇಲೆ, ಆ ಉದ್ದ ಬಾಲ ಒದ್ದೆ ರಿಬ್ಬನ್ ಥರ ಹಿಂದೆ ಎಳೀತಿರುತ್ತೆ. ನಮ್ಮಮ್ಮ ಅವತ್ತು ದೀಪ ಹಚ್ಚೋದು ಬಿಟ್ಟು ಕಿಟಕೀಲೇ ನಿಂತಿದ್ರು.

ಹೂವಿನ ಮಕರಂದ ಕುಡಿಯೋ ಪುಟ್ಟ ಸೂರಕ್ಕಿ ಮಾತ್ರ ಬರ್ತಿರ್ಲಿಲ್ಲ. ಅದಕ್ಕೆ ತಟ್ಟೆ ಬೇಡ, ಒದ್ದೆ ಎಲೆ ಬೇಕು. ಎರಡನೇ ಸೆಟ್ಟೊಂದನ್ನ ಬಾಳೆ ಎಲೆ ಮೇಲೆ ಬೀಳೋ ಹಾಗೆ ಬಿಟ್ಟೆ, ಮೂರನೇ ದಿನಕ್ಕೆ ಹೆಣ್ಣು ಸೂರಕ್ಕಿ ಎಲೆ ಮೇಲೆ ಮೈ ಉಜ್ಜಿಕೊಂಡು ಜಾರುಬಂಡೆ ಆಡಿದಂಗೆ ಕೆಳಗೆ ಜಾರ್ತಿತ್ತು. ಈ ಪ್ರಯೋಗದ ಖರ್ಚು ಅರವತ್ತೋ ಎಪ್ಪತ್ತೋ ರೂಪಾಯಿ, ನನಗೆ ಅತೀ ಖುಷಿ ಕೊಟ್ಟಿದ್ದು ಇದೇ. ತೆಂಗಿನ ನಾರು ಬಿಡಿಸಿ ಬೇಲಿಗೆ ಸಿಕ್ಕಿಸಿದ್ದೂ ಫಲ ಕೊಡ್ತು, ಪಿಕಳಾರ ಒಯ್ದವು. ಆದ್ರೆ ಟೈಲರ್ ಅಂಗಡಿ ದಾರದ ತುಂಡು ಇಡೋಕೆ ಹೋಗಿ ಒಂದು ಗುಬ್ಬಿ ಕಾಲಿಗೆ ಸುತ್ತಿಕೊಂಡಿತ್ತು, ಕತ್ತರಿಸಿ ಬಿಟ್ಟೆ, ದಾರ ಯಾವತ್ತೂ ಇಡಬೇಡಿ. ಹಣ್ಣಿಗೆ ಏನೂ ನೇತು ಹಾಕೋದು ಬೇಡ, ಒಂದು ಗಸಗಸೆ ಹಣ್ಣಿನ ಗಿಡ ನೆಡಿ, ಎರಡು ವರ್ಷಕ್ಕೆ ಅದೇ ನೋಡಿಕೊಳ್ಳುತ್ತೆ. ಗುಬ್ಬಿ ಗೂಡಿನ ತೂತು ಚಿಕ್ಕದು ಮಾಡಿ ಪೂರ್ವದ ಗೋಡೆಗೆ ಹಾಕಿದ ಮೇಲೆ ಈಗ ಎರಡು ಜೋಡಿ ಇವೆ. ತುಮಕೂರಿಗೆ ಹೋಗೋ ದಾರೀಲಿ ಒಂದು ಊರಿನ ಹೆಸರೇ ಗುಬ್ಬಿ, ಅಂಥಾ ಸೀಮೇಲಿ ಗುಬ್ಬಿ ಬಂತು ಅಂತ ಸಂಭ್ರಮ ಪಡೋ ಕಾಲ ಬಂದಿದೆ.

ತೊಂದರೆಗಳೂ ಇವೆ. ಕಾಗೆ ಒಣ ರೊಟ್ಟಿ, ಕೋಳಿ ಮೂಳೆ ಎಲ್ಲ ತಂದು ನೀರಲ್ಲಿ ನೆನೆಹಾಕುತ್ತೆ. ಓಡಿಸಿ ಪ್ರಯೋಜನ ಇಲ್ಲ, ದೂರದಲ್ಲಿ ಅದಕ್ಕೇ ಒಂದು ಅಗಲದ ಬಾನಿ ಇಟ್ಟೆ, ಅಲ್ಲಿಗೆ ಹೋಗುತ್ತೆ. ಮಾರ್ಚಲ್ಲಿ ಜೇನು ಮುತ್ತುತ್ತೆ, ಅದನ್ನ ಒಂದು ತೊಟ್ಟೂ ಔಷಧಿ ಇಲ್ದೆ ಬೇರೆ ಕಡೆ ಕಳಿಸ್ತೀನಿ, ಹೆಂಗೆ ಅಂತ ಮನೆಗೆ ಬಂದವರಿಗೆ ಮಾತ್ರ ತೋರಿಸೋದು. ಸೊಳ್ಳೆ ಮರಿ ನೋಡಿ ಡೆಂಗ್ಯೂ ಸಮೀಕ್ಷೆಗೆ ಬಂದವರು ಒಂದ್ಸಲ ಬೈದರು, ಬೈದದ್ದು ಸರಿ. ಹನಿ ಬೀಳ್ತಿದ್ರೆ ಸೊಳ್ಳೆ ಬರಲ್ಲ ಅಂದ್ಕೊಂಡಿದ್ದೆ, ಬರುತ್ತೆ. ಎರಡು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ ತೆಂಗಿನ ನಾರಲ್ಲಿ ಉಜ್ಜಬೇಕು, ಸೋಪು ಬೇಡ, ಹಸಿರು ಹತ್ತಿದ್ರೂ ಕೊಳೆ ಮಾತ್ರ ನಿಲ್ಲಬಾರದು. ಕಣ್ಣ ಸುತ್ತ ಗಂಟು ಎದ್ದಿರೋ ಹಕ್ಕಿ ಕಂಡ್ರೆ ತಟ್ಟೆಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಒಂದು ವಾರ ಬಿಸಿಲಿಗೆ ಮಗುಚಿಡಿ, ಪಾರಿವಾಳದಿಂದ ನಂಗೊಮ್ಮೆ ಹಾಗಾಗಿತ್ತು. ಶಿಕ್ರಾ (ಒಂದು ಥರದ ಗಿಡುಗ) ಬಂದು ಒಂದೆರಡನ್ನ ಒಯ್ಯುತ್ತೆ, ಅದೂ ಹಕ್ಕಿನೇ, ನಾನು ಅಡ್ಡ ಹೋಗಲ್ಲ.

ನೆಲದ ತಟ್ಟೆ ಬೆಕ್ಕಿಗೆ ಸಿಗುತ್ತೆ ಅಂತ ಎರಡೂವರೆ ಅಡಿ ಚಪ್ಪಡಿ ಕಲ್ಲಿನ ಮೇಲೆ ಇನ್ನೊಂದು ಇಟ್ಟಿದ್ದೆ, ಕೆಲವರು ನೆಲದ್ದು ತೆಗೆದೇ ಬಿಡಿ ಅಂದ್ರು. ನಾನು ಒಪ್ಪಲಿಲ್ಲ, ನೆಲದಲ್ಲೇ ಓಡಾಡೋ ಹಕ್ಕಿಗಳು ಕಲ್ಲು ಹತ್ತಲ್ಲ ಅಂತ ನನಗೆ ಅನ್ನಿಸ್ತಿತ್ತು, ಮುಳ್ಳು ಹಾಕಿ ಕೆಳಗೊಂದು ಉಳಿಸಿಕೊಂಡೆ. ಅಕ್ಟೋಬರ್ ಎರಡನೇ ವಾರ, ಬೆಳಿಗ್ಗೆ ಕಿಟಕಿ ಗಾಜಿಗೆ ಧಬ್ ಅಂತ ಸದ್ದು. ಹೋಗಿ ನೋಡಿದ್ರೆ ನವರಂಗ, ನೆಲದಲ್ಲಿ ಓಡಾಡೋ ಬಣ್ಣಬಣ್ಣದ ವಲಸೆ ಹಕ್ಕಿ, ಕೊಕ್ಕು ತೆರೆದು ಮೇಲೆ ಕೆಳಗೆ ಉಸಿರು. ವಲಸೆ ಬರೋವಾಗ ರಾತ್ರಿಯೆಲ್ಲ ಹಾರಿ ಸುಸ್ತಾಗಿ ಇಳಿದಿರುತ್ತೆ. ನೀರು ಕುಡಿಸೋಕೆ ಹೋಗಬೇಡಿ, ಶ್ವಾಸಕ್ಕೆ ಹೋಗುತ್ತೆ. ಔಷಧಿ ಡಬ್ಬದ ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಹಾಕಿ, ಬಟ್ಟೆ ಹಾಸಿ, ಒಳಗೆ ಬಿಟ್ಟು ಮುಚ್ಚಿ ಕತ್ತಲೆ ಕೋಣೇಲಿ ಒಂದೂವರೆ ಗಂಟೆ ಇಟ್ಟೆ, ಮಧ್ಯೆ ತೆಗೆದು ನೋಡ್ಲಿಲ್ಲ. ಪೆಟ್ಟಿಗೆ ಒಳಗೆ ಗೀರೋ ಸದ್ದು ಬಂದ ಮೇಲೆ ತೋಟದ ನೆರಳಿಗೆ ಒಯ್ದು ತೆರೆದೆ. ಹಾರಿತು, ಹತ್ತಡಿ ಆಚೆ ಇಳಿದು ಎಲೆ ಕೆದಕೋಕೆ ಶುರು ಮಾಡ್ತು. ಸಂಜೆ ಆರರ ಹೊತ್ತಿಗೆ ನೆಲದ ತಟ್ಟೆ ಹತ್ರ ಅದೇ ಎರಡು ಸ್ವರದ ಸಿಳ್ಳೆ. ತಮಿಳಿನವರು ಇದನ್ನ ಆರುಮಣಿ ಕುರುವಿ ಅಂತಾರೆ, ಆರು ಗಂಟೆ ಹಕ್ಕಿ. ನೀರಿಗಿಳಿದು ಹೊಟ್ಟೆಯ ಕೆಂಪು ನೆನೆಯೋ ತನಕ ಮಿಂದು ಹೋಯ್ತು. ಹನ್ನೊಂದು ದಿನ ಇತ್ತು. ಹೋದ ಚಳಿಗಾಲ ಕಿತ್ತಳೆ ತಲೆಯ ನೆಲಸಿಳ್ಳಾರವೂ ಅದೇ ತಟ್ಟೆಗೆ ಬಂತು, ಕಲ್ಲಿನ ಮೇಲಿದ್ದುದಕ್ಕೆ ಒಂದಿನಾನೂ ಬರ್ಲಿಲ್ಲ.

ಫೋಟೋಗೆ ಬರ್ತೀವಿ ಅಂತ ಫೋನ್ ಮಾಡೋರು ಜಾಸ್ತಿ ಆಗಿದಾರೆ. ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋರನ್ನ ನಾನು ಗೇಟ್ ಒಳಗೆ ಬಿಡಲ್ಲ, ಹಗಲೆಲ್ಲ ಹೊಟ್ಟೆಗೆ ಹುಡುಕಬೇಕಾದ ಹಕ್ಕಿ, ತನ್ನ ಜಾಗಕ್ಕೆ ಇನ್ನೊಂದು ಬಂತು ಅಂದ್ಕೊಂಡು, ಇಲ್ಲದ ಶತ್ರುವನ್ನ ಹುಡುಕಿಕೊಂಡು ಅಲೀಬೇಕಾಗುತ್ತೆ. ಶಿರಾ ಹತ್ರದ ಕಗ್ಗಲಡು ಊರಲ್ಲಿ ಮನೆ ಪಕ್ಕದ ಹುಣಸೆ ಮರದಲ್ಲೇ ಬಣ್ಣದ ಕೊಕ್ಕರೆ ಗೂಡು ಕಟ್ತವೆ, ಊರವರು ಒಂದು ಕಲ್ಲೂ ಎಸೆಯಲ್ಲ. ಅಲ್ಲಿ ಒಂದು ದಿನ ಕೂತು ಬನ್ನಿ, ಸುಮ್ಮನೆ ಇರೋದು ಹೇಗೆ ಅಂತ ಅಲ್ಲೇ ಗೊತ್ತಾಗುತ್ತೆ.

ನೀರು ಶುರು ಮಾಡೋ ಮೊದಲು ತೋಟದಲ್ಲಿ ನಾನು ಬರೆದಿಟ್ಟಿದ್ದು ಇಪ್ಪತ್ತಕ್ಕೂ ಕಡಿಮೆ ಜಾತಿ, ಈಗ ತಟ್ಟೆಗೆ ಬಂದವೇ ನಲವತ್ತು ದಾಟಿವೆ. ಪಕ್ಕದ ಯಜಮಾನ್ರು ಹೋದ ತಿಂಗಳು ಅಂಗಡಿಗೆ ಬಂದು ಬಿ.ಪಿ. ಮಾತ್ರೆ ತಗೊಂಡು, "ಆ ಗ್ಲೂಕೋಸ್ ಸೆಟ್ಟೊಂದು ಕೊಡಪ್ಪ, ಮೊಮ್ಮಗಳು ಕೇಳ್ತಾಳೆ" ಅಂದ್ರು. ಕೊಟ್ಟೆ, ದುಡ್ಡು ತಗೊಂಡೇ ಕೊಟ್ಟೆ. ನೀವು ಹಾಕೋದಾದ್ರೆ ಆರು ತಿಂಗಳಿಗೊಮ್ಮೆ ಸೆಟ್ ಬದಲಾಯಿಸಿ, ಸುಣ್ಣದ ನೀರಿಗೆ ಒಳಗೆ ಕಟ್ಟಿಕೊಳ್ಳುತ್ತೆ. ಮಳೆಗಾಲದಲ್ಲಿ ಬಿಚ್ಚಿ ಒಳಗಿಡಿ. ಗಣೇಶನ ಹಬ್ಬ ಕಳೆದ ಮೇಲೆ ನೆಲದ ತಟ್ಟೆ ತೊಳೆದು ಮತ್ತೆ ಕಟ್ಟಿಬಿಡಿ, ನವರಂಗ ಇಳಿಯೋ ಹೊತ್ತಿಗೆ ಹನಿ ಬೀಳ್ತಿರಬೇಕು.