ಬ್ರಷ್ ಕಟರ್ ಗೇರ್ ಹೆಡ್: ಸೆಟ್ ಬಿಟ್ಟು ಬೇರಿಂಗ್ ಹಾಕಿದ್ದು

ನಮ್ಮ ಅಡಿಕೆ ತೋಟದ ಹುಲ್ಲು ಹೊಡೆಯುವ ಮಿಷನ್ನಿಗೆ ವಯಸ್ಸಾಗಿದೆ. 35 ಸಿಸಿ, ನಾಲ್ಕು ಸ್ಟ್ರೋಕಿನದು. ಎಂಜಿನ್ ಗಟ್ಟಿಮುಟ್ಟಾಗಿದೆ. ಕೈಕೊಟ್ಟಿದ್ದು ಕೆಳತುದಿಯಲ್ಲಿ ಬ್ಲೇಡ್ ತಿರುಗಿಸುವ ಗೇರ್ ಹೆಡ್. ಮೊದಲು ಕರಕರ ಸದ್ದು, ಆಮೇಲೆ ಮುಟ್ಟಲಾಗದಷ್ಟು ಬಿಸಿ. ಎಂಜಿನ್ ನಿಲ್ಲಿಸಿ ಬ್ಲೇಡ್ ಹಿಡಿದು ಅಲುಗಿಸಿದರೆ ಲಟಲಟ ಅನ್ನುತ್ತಿತ್ತು.

ಅಂಗಡಿಯಲ್ಲಿ ಸೆಟ್ಟೇ, ಅಂದರೆ ಇಡೀ ಗೇರ್ ಹೆಡ್ಡೇ ಹೊಸದು ಹಾಕಿಸಿ ಎಂದರು. ಅವರಿಗೂ ಬಿಚ್ಚಿ ಕೂರುವಷ್ಟು ಪುರುಸೊತ್ತು ಇರಲ್ಲ, ಬಿಡಿ. ಆದರೆ ಒಳಗಿರುವುದು ಎರಡು ಬೆವೆಲ್ (ಓರೆ ಹಲ್ಲಿನ) ಗೇರ್, ಅವನ್ನು ಹಿಡಿದಿಡುವ ಬೇರಿಂಗುಗಳು, ಗ್ರೀಸ್ ಹೊರಬಾರದಂತೆ ನೀರು ಒಳಹೋಗದಂತೆ ತಡೆಯುವ ಒಂದು ಆಯಿಲ್ ಸೀಲ್, ಅಷ್ಟೇ. ಗೇರಿನ ಹಲ್ಲು ಹೋಗಿದ್ದರೆ ಸೆಟ್ ಹಾಕಿಸುವುದೇ ಸರಿ. ಹಲ್ಲು ಚೆನ್ನಾಗಿದ್ದರೆ ಬೇರಿಂಗ್, ಸೀಲ್ ಬದಲಿಸಿದರೆ ಸಾಕು.

ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಟ್ಟೇ ಶುರು ಮಾಡಿದೆ. ಬ್ಲೇಡಿನ ನಟ್ಟಿಗೆ ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಎಡಕ್ಕೆ ಜೋರು ಮಾಡಿ ಇನ್ನಷ್ಟು ಬಿಗಿ ಮಾಡಿಕೊಂಡು ಮಿಷನ್ನಿಗೆ ಬೈಯುವವರೇ ಜಾಸ್ತಿ.

ಬ್ಲೇಡ್ ತೆಗೆದಾಗಲೇ ಕಾರಣ ಕಂಡಿತು. ಅದರ ಮೇಲಿನ ಶಾಫ್ಟಿಗೆ ಹುಲ್ಲಿನ ನಾರು ಹಗ್ಗದ ಹಾಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅದು ಸೀಲಿನ ತುಟಿ ತಿಂದು ಹಾಕಿದೆ. ಮಳೆಗಾಲದ ನೀರು ಒಳಗೆ ಹೋಗಿ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿತ್ತು, ಬೇರಿಂಗ್ ತುಕ್ಕು ಹಿಡಿದಿತ್ತು. ಗೇರಿನ ಹಲ್ಲು ಮಾತ್ರ ಹಾಗೇ ಇದ್ದವು.

ಸೀಲ್ ಕಿತ್ತು, ಇಕ್ಕಳದಿಂದ ಸರ್‌ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಬಳೆ) ತೆಗೆದೆ. ಇಲ್ಲಿಂದ ಮುಂದೆ ಸುತ್ತಿಗೆಗಿಂತ ಬಿಸಿಯೇ ಮುಖ್ಯ. ಹೊರಗವಚ ಅಲ್ಯೂಮಿನಿಯಂ, ಬೇರಿಂಗ್ ಉಕ್ಕು. ಬಿಸಿ ಮಾಡಿದರೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಗ್ರೀಸೆಲ್ಲ ಡೀಸೆಲ್ಲಿನಲ್ಲಿ ತೊಳೆದು, ಪೂರ್ತಿ ಒರೆಸಿ ಒಣಗಿಸಿ, ಆಮೇಲೆ ಹಾಟ್ ಏರ್ ಗನ್ ಹಿಡಿದೆ. ನೀರಿನ ಹನಿ ಬಿದ್ದರೆ ಚುಂಯ್ ಅನ್ನುವಷ್ಟು ಕಾದ ಮೇಲೆ ಮರದ ಹಲಗೆಗೆ ಕುಟ್ಟಿದರೆ ಕೆಳಗಿನ ಬೇರಿಂಗ್ ಶಾಫ್ಟ್ ಸಮೇತ ಹೊರಗೆ ಬಂತು. ಮೇಲ್ಗಡೆಯ ಚಿಕ್ಕ ಬೇರಿಂಗ್ ಕುರುಡು ಗುಂಡಿಯಲ್ಲಿ ಕೂತಿರುತ್ತದೆ, ಹಿಂದಿನಿಂದ ತಳ್ಳಲು ಜಾಗವೇ ಇಲ್ಲ. ಅದಕ್ಕೂ ಇದೇ ಉಪಾಯ. ಗೇರ್ ಹತ್ತಿರ ತೆಳ್ಳನೆಯ ಶಿಮ್ ಬಿಲ್ಲೆಗಳಿದ್ದರೆ ಅದೇ ಕ್ರಮದಲ್ಲಿ ಎತ್ತಿಡಿ. ಹಲ್ಲುಗಳ ನಡುವಿನ ಅಂತರ ಅವುಗಳ ಮೇಲೆಯೇ ನಿಂತಿದೆ.

ಬೇರಿಂಗಿನ ಅಂಚಿನಲ್ಲಿ ನಂಬರ್ ಕೊರೆದಿರುತ್ತದೆ. ನನ್ನದರಲ್ಲಿ ಕೆಳಗಿನದು 6201, ಅಂದರೆ ಒಳಗೆ 12 ಮಿ.ಮೀ., ಹೊರಗೆ 32, ದಪ್ಪ 10. ನಂಬರ್ ಹೇಳಿದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ, ಮಿಷನ್ ಕಂಪನಿಯದೇ ಬೇಕೆಂದಿಲ್ಲ. ಕೆಳಗಿನದಕ್ಕೆ ಎರಡೂ ಕಡೆ ರಬ್ಬರ್ ಮುಚ್ಚಿದ 2ಆರ್‌ಎಸ್ ತಗೊಂಡೆ.

ಹೊಸದನ್ನು ಫ್ರೀಜರಿನಲ್ಲಿಟ್ಟು, ಕವಚ ಮತ್ತೆ ಬಿಸಿ ಮಾಡಿದೆ. ಹೆಚ್ಚೇನೂ ಬಡಿಯದೆ ಕೂತಿತು. ತಟ್ಟಲೇಬೇಕಾದರೆ ಕವಚಕ್ಕೆ ಕೂರಿಸುವಾಗ ಹೊರ ಬಳೆಗೆ, ಶಾಫ್ಟಿಗೆ ಕೂರಿಸುವಾಗ ಒಳ ಬಳೆಗೆ ಮಾತ್ರ ತಟ್ಟಬೇಕು. ಇಲ್ಲದಿದ್ದರೆ ಗುಂಡುಗಳ ಮೇಲೆ ಪೆಟ್ಟು ಬಿದ್ದು ಹೊಸ ಬೇರಿಂಗೇ ಹಾಳು.

ಲಿಥಿಯಂ ಗ್ರೀಸನ್ನು ಮುಕ್ಕಾಲು ಭಾಗದಷ್ಟು ತುಂಬಿದೆ. ಕಂಠಪೂರ್ತಿ ತುಂಬಿದರೆ ಬಿಸಿಯಾಗಿ ಸೀಲನ್ನೇ ಹೊರಗೆ ತಳ್ಳುತ್ತದೆ. ಸುಮಾರು 25 ಗಂಟೆ ಓಡಿದ ಮೇಲೆ ಪಕ್ಕದ ಬೋಲ್ಟ್ ಬಿಚ್ಚಿ ಸ್ವಲ್ಪ ಹಾಕುತ್ತೇನೆ. ಬ್ಲೇಡಿನ ಮೇಲಿನ ನಾರನ್ನಂತೂ ಪ್ರತಿ ಸಲ ಕೆಲಸ ಮುಗಿದ ಕೂಡಲೇ ಚಾಕುವಿನಿಂದ ಕತ್ತರಿಸಿ ತೆಗೆಯುತ್ತೇನೆ. ಹೆಡ್ ಈಗಲೂ ಬೆಚ್ಚಗಾಗುತ್ತದೆ, ಆದರೆ ಕೈಯಿಟ್ಟರೆ ಸುಡುವುದಿಲ್ಲ.