ಪರ್ಸ್‌ಗೆ ಮೊಸಳೆಯೋ, ಹೆಬ್ಬಾವೋ, ಉಡವೋ? ನಾನು ಚರ್ಮ ಆರಿಸುವ ರೀತಿ

ಹೊಸ ಮೊಸಳೆ ಚರ್ಮ ಕೈಗೆ ಬಂದರೆ ನನಗೆ ಮೊದಲು ಬೇಕಾಗುವುದು ಓರೆ ಬೆಳಕು ಮತ್ತು ಒಂದು ಭೂತಗನ್ನಡಿ. ಹೊಟ್ಟೆ ಭಾಗದ ಹುರುಪೆಗಳನ್ನು ಒಂದೊಂದಾಗಿ ನೋಡುತ್ತೇನೆ. ಪ್ರತಿ ಹುರುಪೆಯ ಅಂಚಿನ ಹತ್ತಿರ ಸೂಜಿಮೊನೆಯಷ್ಟು ಚುಕ್ಕೆ ಇದ್ದರೆ ಅದು ಕ್ರೊಕೊಡೈಲ್. ನೀರಿನ ಅಲುಗಾಟ ತಿಳಿಯಲು ಆ ಪ್ರಾಣಿಗೆ ಇರುವ ಅಂಗ ಅದು. ಮೊಸಳೆಯ ಇನ್ನೊಂದು ಬಗೆಯಾದ ಅಲಿಗೇಟರ್‌ಗೆ ಈ ಚುಕ್ಕೆ ದವಡೆಯ ಸುತ್ತ ಮಾತ್ರ ಇರುತ್ತದೆ, ಹೊಟ್ಟೆಯ ಮೇಲೆ ಇರುವುದಿಲ್ಲ. ಹೊಳಪು ಜಾಸ್ತಿ ಕೊಟ್ಟ ಚರ್ಮದಲ್ಲಿ ಚುಕ್ಕೆ ಮಸುಕಾಗಿರುತ್ತದೆ. ಆಗ ಚರ್ಮವನ್ನು ನಿಧಾನವಾಗಿ ಓರೆ ಮಾಡುತ್ತಾ ಹೋದರೆ ಸಿಗುತ್ತದೆ.

ಅಲಿಗೇಟರ್ ಬಳಗದ್ದೇ ಆದ ಕೈಮನ್ ಬೇರೆಯೇ ಲೆಕ್ಕ. ಅದರ ಹೊಟ್ಟೆಯ ಹುರುಪೆಗಳ ಅಡಿಯಲ್ಲೂ ಮೂಳೆಯ ಬಿಲ್ಲೆಗಳಿವೆ. ಹಾಗಾಗಿ ಹದ ಮಾಡಿದ ಮೇಲೂ ಹುರುಪೆ ತುಂಬಾ ಸಣ್ಣ ಸಣ್ಣ ಗುಳಿ ಕಾಣುತ್ತವೆ, ಚರ್ಮ ಬಿರುಸಾಗಿರುತ್ತದೆ. ಮಡಿಸಿದ ಕಡೆ ಬಿರುಕು ಬಿಡುವ ಭಯವೂ ಇದೆ. ಮಡಿಸುವ ಪರ್ಸ್‌ಗೆ ನಾನು ಅದರ ಹೊಟ್ಟೆ ಭಾಗ ಬಳಸುವುದಿಲ್ಲ, ಪಕ್ಕೆಯ ಚರ್ಮವಾದರೆ ಸರಿ.

ಹಸುವಿನ ಚರ್ಮಕ್ಕೆ ಅಚ್ಚು ಒತ್ತಿ ಮೊಸಳೆ ಚರ್ಮ ಅಂತ ಮಾರುವುದೂ ಉಂಟು. ಅದನ್ನು ಹಿಡಿಯುವುದು ಸುಲಭ. ಒಂದೇ ಚಿತ್ತಾರ ಸ್ವಲ್ಪ ದೂರದಲ್ಲಿ ಮತ್ತೆ ಬರುತ್ತದೆ. ಬಗ್ಗಿಸಿದರೆ ಗೆರೆಗಳು ಚಪ್ಪಟೆಯಾಗುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಕೂದಲಿನ ರಂಧ್ರಗಳೂ ಕಾಣುತ್ತವೆ.

ಆರಿಸುವಾಗ ನಾನು ಹೆಸರಿಗಿಂತ ಮಡಿಕೆಗೆ ಬೆಲೆ ಕೊಡುತ್ತೇನೆ. ಪರ್ಸ್ ದಿನಕ್ಕೆ ಎಷ್ಟೋ ಸಲ ತೆರೆದು ಮುಚ್ಚುವ ವಸ್ತು ಅಲ್ವಾ? ಮೊಸಳೆ ಚರ್ಮದಲ್ಲಿ ದೊಡ್ಡ ಹುರುಪೆಯ ನಡುವೆ ಮಡಿಕೆ ಬಂದರೆ ಅದು ಅಲ್ಲೇ ಸೀಳುತ್ತದೆ. ಅದಕ್ಕೇ ಕಾಗದದ ಮಾದರಿಯನ್ನು ಚರ್ಮದ ಮೇಲೆ ಸರಿಸುತ್ತಾ, ಎರಡು ಹುರುಪೆ ಸಾಲುಗಳ ನಡುವಿನ ಗೆರೆ ಮಡಿಕೆಯ ಜಾಗಕ್ಕೆ ಬರುವಂತೆ ಇಟ್ಟು ಆಮೇಲೆ ಕತ್ತರಿಸುತ್ತೇನೆ. ಸಣ್ಣ ಪ್ರಾಣಿಯ ಚರ್ಮ ಇದಕ್ಕೆ ಒಳ್ಳೆಯದು, ಹುರುಪೆಗಳೂ ಸಣ್ಣವು.

ಹೆಬ್ಬಾವಿನ ಚರ್ಮ ನೋಡಲು ಎಷ್ಟು ಚೆಂದವೋ ಅಷ್ಟೇ ತೆಳು. ಅದರ ಅಡಿಯಲ್ಲಿ ಇನ್ನೊಂದು ಚರ್ಮ ಅಂಟಿಸಲೇಬೇಕು. ಬೆರಳನ್ನು ತಲೆಯಿಂದ ಬಾಲದ ಕಡೆಗೆ ಎಳೆಯಿರಿ, ನುಣ್ಣಗೆ ಜಾರುತ್ತದೆ. ತಿರುಗಿ ಎಳೆದರೆ ಹುರುಪೆಗಳು ಏಳುತ್ತವೆ. ಜೇಬಿಗೆ ಹಾಕುವಾಗ ತಲೆ ಕಡೆಯ ಅಂಚು ಮೊದಲು ಒಳಗೆ ಹೋಗುವಂತೆ ನಾನು ಕತ್ತರಿಸುತ್ತೇನೆ.

ದಿನಬಳಕೆಯ ಪರ್ಸ್‌ಗೆ ನನ್ನ ಆಯ್ಕೆ ಮಾತ್ರ ಉಡದ ಚರ್ಮ. ಮಣಿ ಪೋಣಿಸಿದ ಹಾಗೆ ಒತ್ತೊತ್ತಾಗಿ ಸಣ್ಣ ಹುರುಪೆಗಳಿರುವುದರಿಂದ ಎಲ್ಲಿ ಮಡಿಸಿದರೂ ತಕರಾರಿಲ್ಲ. ಹತ್ತಿರದ ರೂಪದ ತೆಗು ಹಲ್ಲಿಯ ಚರ್ಮದಲ್ಲಿ ಹೊಟ್ಟೆಯ ಹುರುಪೆಗಳು ಚೌಕ ಚೌಕವಾಗಿ ಸಾಲುಗಟ್ಟಿರುತ್ತವೆ.

ಈ ಮೊಸಳೆ, ಹೆಬ್ಬಾವು, ಉಡ, ತೆಗುಗಳೆಲ್ಲ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಪಟ್ಟಿಯಲ್ಲಿವೆ, ಅಂದರೆ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಪಟ್ಟಿಯಲ್ಲಿ. ದೇಶ ದಾಟಿ ಬರುವ ಮೊಸಳೆ ಚರ್ಮಕ್ಕೆ ನಂಬರ್ ಇರುವ ಟ್ಯಾಗ್ ಇರಲೇಬೇಕು. ಕಾಗದಪತ್ರ ತೋರಿಸದವರ ಹತ್ತಿರ ನಾನು ಚೌಕಾಸಿಗೂ ನಿಲ್ಲುವುದಿಲ್ಲ. ಬದುಕಿದ್ದ ಜೀವದ ಚರ್ಮ ಇದು, ಕದ್ದು ಬೇಟೆಯಾಡಿದ್ದು ನನ್ನ ಮೇಜಿಗೆ ಬರಬಾರದು.

ಒಳಗಿನ ಜೇಬುಗಳಿಗೆ ತೆಳ್ಳಗಿನ ಆಡಿನ ಚರ್ಮವೇ ಸಾಕು. ಕಾರ್ಡ್ ಸಲೀಸಾಗಿ ಜಾರುತ್ತದೆ, ಪರ್ಸ್ ದಪ್ಪವೂ ಆಗುವುದಿಲ್ಲ.