ಮೂತ್ರದ ಮಾದರಿ ಅಸಲಿಯೇ ಎಂದು ಪರಿಶೀಲಿಸುವ ಕ್ರಮ

ಕೋಲಾರದ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ನೌಕರರಿಂದ ಮಾದಕವಸ್ತು ತಪಾಸಣೆಗೆ ಮಾದರಿ ಪಡೆಯುವವರು, ಅದು ಕೈಸೇರಿದ 4 ನಿಮಿಷದೊಳಗೆ ಉಷ್ಣಾಂಶವನ್ನು ಬರೆದುಕೊಳ್ಳಬೇಕು. ಅಮೆರಿಕದ ಫೆಡರಲ್ ಮಾನದಂಡದಂತೆ ಅದು 32ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಆದರೆ ನಮ್ಮ ಬಿರುಬೇಸಿಗೆಯಲ್ಲಿ ಕೋಣೆಯ ಬಿಸಿಯೇ ಈ ಮಿತಿಯನ್ನು ಮುಟ್ಟುವುದರಿಂದ ಇದೊಂದನ್ನೇ ನಂಬುವಂತಿಲ್ಲ.

ಹೆಚ್ಚು ಭರವಸೆಯ ಸುಳಿವು ಕ್ರಿಯಾಟಿನಿನ್: ಸ್ನಾಯುಗಳಲ್ಲಿ ಹುಟ್ಟಿ ಮೂತ್ರಪಿಂಡದ ಮೂಲಕ ಹೊರಬೀಳುವ ಈ ವಸ್ತು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದು, ಸಾಪೇಕ್ಷ ಸಾಂದ್ರತೆಯೂ (ನೀರಿಗೆ ಹೋಲಿಸಿದ ಸಾಂದ್ರತೆ) 1.003ಕ್ಕಿಂತ ಕೆಳಗಿದ್ದರೆ ಮಾದರಿ ತೆಳುವಾಗಿದೆಯೆಂದೂ, 2 ಮಿಲಿಗ್ರಾಂಗಿಂತ ಕಡಿಮೆಯಿದ್ದು ಸಾಂದ್ರತೆಯೂ ಅಸಹಜವಾಗಿದ್ದರೆ ಅದು ಮನುಷ್ಯನ ಮೂತ್ರಕ್ಕೆ ಹೊಂದುವುದಿಲ್ಲವೆಂದೂ ದಾಖಲಿಸಬೇಕು. ಬಹಳ ನೀರು ಕುಡಿದವರ ಮಾದರಿಯೂ ತೆಳುವಾಗುತ್ತದೆ, ಹಾಗಾಗಿ ಅದನ್ನು ಮೋಸವೆಂದು ಬರೆಯುವುದು ಅನ್ಯಾಯ.

ಆಮ್ಲ-ಕ್ಷಾರ ಗುಣವನ್ನು ತೋರಿಸುವ ಪಿಎಚ್ 4ಕ್ಕಿಂತ ಕಡಿಮೆಯಿದ್ದರೆ ಅಥವಾ 11 ಇಲ್ಲವೇ ಅದಕ್ಕೂ ಹೆಚ್ಚಿದ್ದರೆ, ಅಥವಾ ಪರೀಕ್ಷೆಯನ್ನು ಕೆಡಿಸಲು ಬೆರೆಸುವ ನೈಟ್ರೈಟ್ ಎಂಬ ರಾಸಾಯನಿಕ ಮಿಲಿಲೀಟರಿಗೆ 500 ಮೈಕ್ರೋಗ್ರಾಂ ಮುಟ್ಟಿದ್ದರೆ, ಅದೇ ಮಾದರಿಯ ಇನ್ನೊಂದು ಪಾಲನ್ನು ಪರೀಕ್ಷಿಸಿ ಕಲಬೆರಕೆಯನ್ನು ಖಚಿತಪಡಿಸಿಕೊಳ್ಳಬೇಕು.